ಹಗುರ ಲೂರ್‌ಗೆ ಕೈಗೆಟಕುವ ಬೇಟ್‌ಕಾಸ್ಟಿಂಗ್ ರೀಲ್: ಕೊಳ್ಳುವ ಮುನ್ನ ತಿಳಿದಿರಬೇಕಾದ ವಿಚಾರಗಳು

ಕರಾವಳಿಯವರಾದ ನಮಗೆ ಗಾಳ ಹಾಕುವುದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ತಂಗೂಸಿ ದಾರ, ಒಂದು ಗಾಳ, ಸೀಸದ ತುಂಡು, ನಾಲ್ಕು ಸಿಗಡಿ ಇದ್ದರೆ ಸೇತುವೆಯ ಬದಿಯಲ್ಲೋ ಅಳಿವೆಯ ದಂಡೆಯಲ್ಲೋ ಒಂದು ಸಂಜೆ ಕಳೆಯಬಹುದು. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಯುವಕರ ಕೈಗೆ ರಾಡು, ರೀಲು ಮತ್ತು ಲೂರ್‌ಗಳು ಬಂದಿವೆ. ಲೂರ್ ಎಂದರೆ ಮೀನು, ಸಿಗಡಿಗಳನ್ನು ಹೋಲುವ ಕೃತಕ ಎರೆ. ಅದರಲ್ಲೂ ಕೆಲವರು 2ರಿಂದ 5 ಗ್ರಾಂ ತೂಕದ ಪುಟ್ಟ ಲೂರ್‌ಗಳನ್ನು ಬೇಟ್‌ಕಾಸ್ಟಿಂಗ್ ರೀಲಿನಿಂದ ಎಸೆಯುವ ‘ಬೇಟ್ ಫಿನೆಸ್’ ವಿಧಾನದತ್ತ ಒಲವು ತೋರಿಸುತ್ತಿದ್ದಾರೆ. ದುಡಿದ ಹಣ ಕೊಟ್ಟು ತಂದ ರೀಲು ಮೊದಲ ದಿನವೇ ದಾರವನ್ನೆಲ್ಲ ಸಿಕ್ಕು ಮಾಡಿ, ಆಮೇಲೆ ಕಪಾಟಿನ ಮೂಲೆ ಸೇರಿರುವುದನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನೋಡಿದ್ದೇವೆ. ಇಂತಹ ಸಂದರ್ಭಗಳಲ್ಲಿ ಎಸೆದವನ ಕೈಯನ್ನು ದೂರುವುದು ವಾಡಿಕೆ. ಆದರೆ ಬಹುಪಾಲು ಕಾರಣ ಬೇರೆಯೇ ಇರುತ್ತದೆ: ಆ ರೀಲು ಅಷ್ಟು ಹಗುರವಾದ ಲೂರ್‌ಗೆ ತಯಾರಾದದ್ದೇ ಅಲ್ಲ. ಆದುದರಿಂದ ಕಡಿಮೆ ಬೆಲೆಯ ರೀಲುಗಳಲ್ಲಿ ಯಾವುದನ್ನು ನೋಡಬೇಕು, ಯಾವುದಕ್ಕೆ ಮರುಳಾಗಬಾರದು ಎಂಬುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ಎರಡು ಬಗೆಯ ರೀಲುಗಳು

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸ್ಪಿನ್ನಿಂಗ್ ರೀಲು. ಅದು ರಾಡಿನ ಕೆಳಗೆ ತೂಗಿರುತ್ತದೆ. ಎಸೆಯುವಾಗ ಅದರ ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆ, ತಿರುಗುವುದಿಲ್ಲ. ದಾರ ಸುರುಳಿ ಸುರುಳಿಯಾಗಿ ಕಳಚಿಕೊಂಡು ಹೋಗುತ್ತದೆ. ಬೇಟ್‌ಕಾಸ್ಟಿಂಗ್ ರೀಲು ರಾಡಿನ ಮೇಲೆ ಕೂರುತ್ತದೆ. ಇಲ್ಲಿ ಎಸೆದಾಗ ಸ್ಪೂಲೇ ಗಿರ್ರನೆ ತಿರುಗಬೇಕು, ಅದನ್ನು ತಿರುಗಿಸುವುದು ಹಾರುತ್ತಿರುವ ಲೂರ್‌ನ ಎಳೆತ. ಈ ಮಾದರಿ ಬಹಳ ಹಳೆಯದು. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜಾರ್ಜ್ ಸ್ನೈಡರ್ ಎಂಬ ಗಡಿಯಾರ ಕೆಲಸಗಾರ ಮಾಡಿದ ರೀಲುಗಳಿಂದ ಇದರ ಕಥೆ ಶುರುವಾಗುತ್ತದೆ. ಅಲ್ಲಿಂದ ಮುಂದೆ ಬಹುಕಾಲ ಇದು ಭಾರದ ಎರೆಗಳ ಸಾಧನವಾಗಿಯೇ ಉಳಿಯಿತು. ಹಗುರ ಎರೆಗೆ ಸ್ಪಿನ್ನಿಂಗ್, ಭಾರದ್ದಕ್ಕೆ ಬೇಟ್‌ಕಾಸ್ಟಿಂಗ್ ಎಂಬುದು ರೂಢಿಯ ಮಾತು. ಜಪಾನಿನ ಗಾಳಗಾರರು ಈ ರೂಢಿಯನ್ನು ಮುರಿದರು. ದಿನವೂ ನೂರಾರು ಜನ ಗಾಳ ಹಾಕುವ ಅಲ್ಲಿನ ಕೆರೆಗಳಲ್ಲಿ ಮೀನು ದೊಡ್ಡ ಲೂರ್‌ಗಳನ್ನು ಗುರುತಿಸಿ ದೂರ ಸರಿಯತೊಡಗಿದಾಗ ಸಣ್ಣ ಲೂರ್ ಅನಿವಾರ್ಯವಾಯಿತು. ಅದನ್ನು ಗುರಿ ಹಿಡಿದು ಎಸೆಯಲು ಬೇಟ್‌ಕಾಸ್ಟಿಂಗ್ ರೀಲಿನ ಸ್ಪೂಲನ್ನೇ ಹಗುರ ಮಾಡಿದರು. ಡೈವಾ ಕಂಪೆನಿಯ ‘ಏರ್’ ಹೆಸರಿನ ರೀಲುಗಳು, ಶಿಮಾನೊ ಕಂಪೆನಿಯ ‘ಬಿಎಫ್‌ಎಸ್’ ಹೆಸರಿನ ರೀಲುಗಳು ಹೀಗೆ ಬಂದವು.

ಸ್ಪೂಲಿನ ತೂಕವೇ ಮುಖ್ಯ

ಇಡೀ ವಿಷಯದ ತಿರುಳು ಇಲ್ಲಿದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇವೆ.

ಎಸೆದ ಲೂರ್ ಹಾರುವಾಗ ಸ್ಪೂಲಿನ ಅಂಚೂ ಅದರ ಮೇಲಿನ ದಾರವೂ ಹೆಚ್ಚುಕಡಿಮೆ ಲೂರ್‌ನ ವೇಗದಲ್ಲೇ ಓಡಬೇಕಾಗುತ್ತದೆ. ಲೂರ್ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟಿತೆಂದು ಇಟ್ಟುಕೊಳ್ಳಿ. 34 ಮಿಲಿಮೀಟರ್ ವ್ಯಾಸದ ಸ್ಪೂಲ್ ಆಗ ನಿಮಿಷಕ್ಕೆ 11 ಸಾವಿರ ಸುತ್ತಿನ ಲೆಕ್ಕದಲ್ಲಿ ತಿರುಗುತ್ತಿರುತ್ತದೆ. ಈ ವೇಗಕ್ಕೆ ಅದನ್ನು ಎಳೆದು ತರುವ ಶಕ್ತಿ ಎಲ್ಲಿಂದ? ಆ ಪುಟ್ಟ ಲೂರ್‌ನಿಂದಲೇ. ಸಾಮಾನ್ಯ ಬೇಟ್‌ಕಾಸ್ಟಿಂಗ್ ರೀಲಿನ ಖಾಲಿ ಸ್ಪೂಲ್ ಸುಮಾರು 15ರಿಂದ 20 ಗ್ರಾಂ ತೂಗುತ್ತದೆ. ಅದರ ಮೇಲೆ ದಾರದ ತೂಕ ಬೇರೆ. 14 ಗ್ರಾಮಿನ ಲೂರ್‌ಗೆ ಇದು ಹೊರೆಯಲ್ಲ. 3 ಗ್ರಾಮಿನ ಲೂರ್‌ಗಾದರೆ ಇಲಿ ಎತ್ತಿನ ಗಾಡಿ ಎಳೆದಂತೆ. ಲೂರ್ ಹೆಚ್ಚು ದೂರ ಹೋಗುವುದಿಲ್ಲ. ಇನ್ನೂ ಜೋರಾಗಿ ಬೀಸಿದರೆ, ಲೂರ್ ಗಾಳಿಯಲ್ಲಿ ನಿಧಾನವಾದ ಮೇಲೂ ಭಾರದ ಸ್ಪೂಲ್ ತನ್ನ ವೇಗದಲ್ಲೇ ತಿರುಗುತ್ತಾ ದಾರವನ್ನು ಬಿಡುತ್ತದೆ. ಹೋಗಲು ಜಾಗವಿಲ್ಲದ ದಾರ ಸ್ಪೂಲಿನ ಮೇಲೆಯೇ ಉಬ್ಬಿ ಗಂಟುಗಂಟಾಗುತ್ತದೆ. ಗಾಳಗಾರರು ಇದನ್ನೇ ಬ್ಯಾಕ್‌ಲ್ಯಾಶ್ ಎನ್ನುವುದು.

ಫಿನೆಸ್ ರೀಲಿನ ಸ್ಪೂಲ್ ಮೈಯೆಲ್ಲ ತೂತು ಕೊರೆದ ತೆಳು ಅಲ್ಯೂಮಿನಿಯಂನದು. ತೂಕ 10 ಗ್ರಾಮಿನ ಆಸುಪಾಸು, ಒಳ್ಳೆಯವುಗಳಲ್ಲಿ ಅದಕ್ಕಿಂತ ಕಡಿಮೆ. ವ್ಯಾಸವೂ ಚಿಕ್ಕದು, ಡೈವಾದ ಸ್ಟೀಜ್ ಏರ್, ಆಲ್ಫಾಸ್ ಏರ್ ರೀಲುಗಳಲ್ಲಿ ಅದು 28 ಮಿಲಿಮೀಟರ್. ದಾರ ಸುತ್ತುವ ಜಾಗ ಆಳವಿಲ್ಲದೆ ತಟ್ಟೆಯಂತಿರುತ್ತದೆ. ಹೆಚ್ಚು ದಾರ ಹಿಡಿಯುವುದಿಲ್ಲವೆಂದು ದೂರುವವರಿದ್ದಾರೆ; ಹಿಡಿಯಬಾರದೆಂದೇ ಅದನ್ನು ಹಾಗೆ ಮಾಡಿರುವುದು.

ದಾರದ ಲೆಕ್ಕವನ್ನು ನಾವೇ ಮಾಡಿ ನೋಡಬಹುದು. 0.30 ಮಿಲಿಮೀಟರ್ ದಪ್ಪದ ತಂಗೂಸಿ 100 ಮೀಟರಿಗೆ ಸುಮಾರು 8 ಗ್ರಾಂ ತೂಗುತ್ತದೆ. 0.15 ಮಿಲಿಮೀಟರಿನ ಹೆಣೆದ ದಾರ, ಅಂಗಡಿಯಲ್ಲಿ ‘ಬ್ರೇಡ್’ ಅಥವಾ ‘ಪಿಇ’ ಎಂದು ಕೇಳಿದರೆ ಸಿಗುವಂಥದ್ದು, 50 ಮೀಟರಿಗೆ 1 ಗ್ರಾಂ ಕೂಡ ಆಗುವುದಿಲ್ಲ. ಅಂದರೆ ದಪ್ಪ ದಾರವನ್ನು ಅಂಚಿನವರೆಗೆ ತುಂಬಿದವನು, ಸಾವಿರಾರು ರೂಪಾಯಿ ಕೊಟ್ಟು ಸ್ಪೂಲಿನಲ್ಲಿ ಉಳಿಸಿದ ಏಳೆಂಟು ಗ್ರಾಮನ್ನು ತಾನೇ ಮತ್ತೆ ಹೇರಿದಂತಾಯಿತು. ಹಗುರ ಲೂರ್ ಸಾಮಾನ್ಯವಾಗಿ 20–25 ಮೀಟರ್ ಹೋಗುತ್ತದೆ. 50 ಮೀಟರ್ ಪಿಇ ದಾರ, ಅದರ ತುದಿಗೆ ಒಂದೂವರೆ ಮೀಟರ್ ಫ್ಲೋರೋಕಾರ್ಬನ್ ಲೀಡರ್ ಧಾರಾಳ ಸಾಕು. ಬಂಡೆ, ಮುರು ಚಿಪ್ಪು, ಕಾಂಡ್ಲಾ ಬೇರುಗಳಿರುವಲ್ಲಿ ಲೀಡರ್ ಬಿಟ್ಟರೆ ಪಿಇ ದಾರ ಕ್ಷಣದಲ್ಲಿ ತುಂಡಾಗುತ್ತದೆ.

ಅಂಗಡಿಯವರು ತೋರಿಸುವುದು, ನಾವು ನೋಡಬೇಕಾದುದು

ಡಬ್ಬಿಯ ಮೇಲೆ ‘12+1 ಬೇರಿಂಗ್’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಎಸೆತಕ್ಕೆ ಸಂಬಂಧಿಸಿದ್ದು ಇವುಗಳಲ್ಲಿ ಮುಖ್ಯವಾಗಿ ಎರಡೇ, ಸ್ಪೂಲಿನ ಎರಡು ತುದಿಯವು. ಉಳಿದವು ಹಿಡಿಕೆಯಲ್ಲಿ, ಹಲ್ಲುಚಕ್ರದ ಬಳಿ ಇರುತ್ತವೆ. ಸುತ್ತುವಾಗ ಕೈಗೆ ಹಿತವೆನಿಸಬಹುದು, ಅಷ್ಟೇ. ಉಪ್ಪುನೀರಿನಲ್ಲಿ ಬೇರಿಂಗ್ ಹೆಚ್ಚಿದಷ್ಟೂ ತುಕ್ಕು ಹಿಡಿಯುವ ಜಾಗಗಳೂ ಹೆಚ್ಚು ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ಇನ್ನೊಂದು ಪ್ರದರ್ಶನವಿದೆ. ಮಾರಾಟಗಾರರು ಸ್ಪೂಲನ್ನು ಬೆರಳಿನಿಂದ ತಿರುಗಿಸಿಬಿಟ್ಟು, ಅರ್ಧ ನಿಮಿಷವಾದರೂ ನಿಲ್ಲಲಿಲ್ಲ ನೋಡಿ ಎನ್ನುತ್ತಾರೆ. ಭಾರದ ಚಕ್ರ ಹೆಚ್ಚು ಹೊತ್ತು ತಿರುಗುವುದು ಸಹಜ. ಹಗುರ ಸ್ಪೂಲ್ ಬೇಗ ವೇಗ ಪಡೆಯುತ್ತದೆ, ಬೇಗ ನಿಲ್ಲುತ್ತದೆ. ನಮಗೆ ಬೇಕಾದ ಗುಣವೇ ಅದು. ಅದರ ಬದಲು ಪಕ್ಕದ ಮುಚ್ಚಳ ತೆಗೆಸಿ ಸ್ಪೂಲನ್ನು ಹೊರಗೆಳೆದು ಅಂಗೈಯಲ್ಲಿಟ್ಟು ನೋಡಿ. ಚಿಕ್ಕ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ತೂಗಿಯೇ ಬಿಡಿ. ಸ್ಪೂಲಿನ ತೂಕ ಹೇಳದ, ತೂಗಲೂ ಬಿಡದ ಕಡೆ ‘ಫಿನೆಸ್’ ಎಂಬ ಹೆಸರಿಗಾಗಿ ಹೆಚ್ಚು ಹಣ ಕೊಡುವ ಅಗತ್ಯವಿಲ್ಲವೆಂಬುದು ನಮ್ಮ ಅಭಿಪ್ರಾಯ.

ಸ್ಪೂಲಿನ ಅಂಚಿಗೂ ರೀಲಿನ ಚೌಕಟ್ಟಿಗೂ ನಡುವೆ ಇರುವ ಸಂದನ್ನೂ ಗಮನಿಸಬೇಕು. ಅಗ್ಗದ ರೀಲುಗಳಲ್ಲಿ ಈ ಸಂದು ಅಗಲವಾಗಿದ್ದು ತೆಳು ಪಿಇ ದಾರ ಅದರೊಳಗೆ ನುಸುಳಿ ಸ್ಪೂಲಿನ ಹಿಂದೆ ಸುತ್ತಿಕೊಳ್ಳುತ್ತದೆ. ನೀರಿನ ಬದಿಯಲ್ಲಿ ನಿಂತು ಅದನ್ನು ಬಿಡಿಸುವುದಕ್ಕಿಂತ ಕತ್ತರಿಸುವುದೇ ವಾಸಿ ಎನ್ನುವ ಸ್ಥಿತಿ ಬರುತ್ತದೆ.

ಬ್ರೇಕ್ ಎರಡು ವಿಧ. ಒಂದರಲ್ಲಿ ಸ್ಪೂಲ್ ತಿರುಗಿದಾಗ ಚಿಕ್ಕ ತುಂಡುಗಳು ಹೊರಕ್ಕೆ ಸರಿದು ಉಜ್ಜಿ ತಡೆಯುತ್ತವೆ. ಇನ್ನೊಂದರಲ್ಲಿ ಪಕ್ಕದ ಮುಚ್ಚಳದಲ್ಲಿರುವ ಆಯಸ್ಕಾಂತಗಳು ಸ್ಪೂಲನ್ನು ಮುಟ್ಟದೆಯೇ ನಿಧಾನಿಸುತ್ತವೆ. ಹಗುರ ಲೂರ್‌ಗೆ ಆಯಸ್ಕಾಂತದ್ದೇ ಹೆಚ್ಚು ಹೊಂದುತ್ತದೆ, ಏಕೆಂದರೆ ಲೂರ್ ನಿಧಾನವಾಗುವ ಎಸೆತದ ಕೊನೆಯ ಭಾಗದಲ್ಲೂ ಅದು ಅಷ್ಟಿಷ್ಟು ಹಿಡಿಯುತ್ತಲೇ ಇರುತ್ತದೆ. ಶಿಮಾನೊದ ಫಿನೆಸ್ ರೀಲುಗಳಲ್ಲಿ ‘ಎಫ್‌ಟಿಬಿ’ ಎಂದು ಕರೆಯುವ ಬ್ರೇಕ್ ಇದೇ ಜಾತಿಯದು. ಸ್ಪೂಲಿಗೆ ಬ್ರೇಕಿನ ಯಾವ ಭಾಗವನ್ನೂ ಅಂಟಿಸದೆ ಅಲ್ಲಿಯೂ ತೂಕ ಉಳಿಸಿದ್ದಾರೆ. ಆಯಸ್ಕಾಂತದ ಬಲವನ್ನು ಹೊರಗಿನಿಂದಲೇ ತಿರುಗಿಸಿ ಹೊಂದಿಸುವಂತಿದ್ದರೆ ಕಲಿಯುವವರಿಗೆ ಅನುಕೂಲ.

ಡ್ರ್ಯಾಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 8 ಕಿಲೋ, 10 ಕಿಲೋ ಎಂದು ಬರೆದಿರುವುದು ಇಲ್ಲಿ ನಿರುಪಯೋಗಿ. 0.15 ಮಿಲಿಮೀಟರ್ ದಾರಕ್ಕೆ 3–4 ಕಿಲೋ ಸಾಕು, ಆದರೆ ಮೀನು ಎಳೆದಾಗ ಅದು ತಡೆತಡೆದು ಬಿಡದೆ ನಯವಾಗಿ ಬಿಡಬೇಕು. ಸುತ್ತಿನ ಅನುಪಾತ 7:1ರ ಆಸುಪಾಸು ಇರಲಿ. ಸ್ಪೂಲ್ ಚಿಕ್ಕದಾದ್ದರಿಂದ ಹಿಡಿಕೆಯ ಒಂದು ಸುತ್ತಿಗೆ ಒಳಬರುವ ದಾರವೂ ಕಡಿಮೆ: 28 ಮಿಲಿಮೀಟರ್ ಸ್ಪೂಲಿನಲ್ಲಿ 7:1 ಎಂದರೆ ಸುಮಾರು 60 ಸೆಂಟಿಮೀಟರ್, 5:1 ಎಂದರೆ 44 ಮಾತ್ರ. ಲೂರ್ ಕಡೆಗೆ ನುಗ್ಗಿದ ಮೀನು ನಮ್ಮತ್ತಲೇ ಈಜಿ ಬಂದರೆ 44 ಸಾಲದು.

ಗಲ್ಫ್‌ನಿಂದ ಬರುವ ಅಣ್ಣನ ಕೈಯಲ್ಲೋ ಭಾವನ ಕೈಯಲ್ಲೋ ರೀಲು ತರಿಸುವವರಿಗೆ ಒಂದು ವಿಶೇಷ ಸೂಚನೆ. ಸ್ಪಿನ್ನಿಂಗ್ ರೀಲಿನ ಹಿಡಿಕೆಯನ್ನು ಎಡಕ್ಕೂ ಬಲಕ್ಕೂ ಬದಲಾಯಿಸಬಹುದು. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಅದು ಸಾಧ್ಯವಿಲ್ಲ. ಎಡಗೈಯವು, ಬಲಗೈಯವು ಎಂದು ಬೇರೆ ಬೇರೆಯಾಗಿಯೇ ತಯಾರಾಗುತ್ತವೆ. ಯಾವ ಕೈಯಿಂದ ಸುತ್ತುವುದು ಎಂಬುದನ್ನು ಫೋನಿನಲ್ಲಿ ಹೇಳಿದರೆ ಸಾಲದು, ಮಾದರಿಯ ಪೂರ್ತಿ ಹೆಸರನ್ನು ಬರೆದು ಕಳುಹಿಸಿ. ಹೆಸರಿನಲ್ಲಿ ಇನ್ನೂ ಒಂದು ಗೊಂದಲವಿದೆ. ಶಿಮಾನೊದ ಎಸ್‌ಎಲ್‌ಎಕ್ಸ್ ಎಂಬ ಹೆಸರಿನಲ್ಲೇ ಸಾಧಾರಣ ಎಸ್‌ಎಲ್‌ಎಕ್ಸ್, ಎಸ್‌ಎಲ್‌ಎಕ್ಸ್ ಡಿಸಿ, ಎಸ್‌ಎಲ್‌ಎಕ್ಸ್ ಬಿಎಫ್‌ಎಸ್ ಎಂಬ ರೀಲುಗಳಿವೆ. ಹಗುರ ಲೂರ್‌ಗೆ ಮಾಡಿದ್ದು ಕೊನೆಯದು ಮಾತ್ರ.

ಯಾವ ಬೆಲೆಗೆ ಯಾವುದು

ಜಪಾನಿನ ಮೇಲ್ದರ್ಜೆಯ ರೀಲುಗಳ ಬೆಲೆ ನಮ್ಮಲ್ಲಿ ಅನೇಕರ ತಿಂಗಳ ಸಂಬಳವನ್ನು ಮೀರುತ್ತದೆ. ಅವುಗಳನ್ನು ಇಲ್ಲಿಗೆ ಬಿಡೋಣ. ಎಸ್‌ಎಲ್‌ಎಕ್ಸ್ ಬಿಎಫ್‌ಎಸ್ ದೊಡ್ಡ ಕಂಪೆನಿಗಳ ಫಿನೆಸ್ ರೀಲುಗಳಲ್ಲಿ ಕೆಳಗಿನ ಮೆಟ್ಟಿಲು. ಅದಕ್ಕಿಂತಲೂ ಕಡಿಮೆಗೆ, ಸಾಮಾನ್ಯವಾಗಿ 100 ಡಾಲರಿನ ಒಳಗೆ, ಕಾಸ್ಟ್‌ಕಿಂಗ್‌ನ ಜೆಫಿರ್, ತ್ಸುರಿನೋಯಾದ ಡಾರ್ಕ್ ವುಲ್ಫ್ ಮುಂತಾದವು ದೊರೆಯುತ್ತವೆ. ಹೊರದೇಶದಿಂದ ತರಿಸಿದರೆ ಸುಂಕ, ತೆರಿಗೆ ಸೇರಿ ಬೆಲೆ ಏರುತ್ತದೆ. ಕೆಟ್ಟರೆ ಬಿಡಿಭಾಗಕ್ಕಾಗಿ ಕಾಯಬೇಕಾಗುತ್ತದೆ. ಆದರೂ ಈ ಅಗ್ಗದ ರೀಲುಗಳು ಕೇವಲ ಆಟಿಕೆಗಳಲ್ಲ. ಸ್ಪೂಲ್ ನಿಜವಾಗಿಯೂ ಹಗುರ, ಬ್ರೇಕ್ ಆಯಸ್ಕಾಂತದ್ದು. 4–5 ಗ್ರಾಮಿನ ಲೂರ್ ಎಸೆಯುವಲ್ಲಿ ಇವಕ್ಕೂ ದುಬಾರಿ ರೀಲಿಗೂ ಇರುವ ಅಂತರ ಬೆಲೆಯ ಅಂತರದಷ್ಟು ದೊಡ್ಡದಲ್ಲ. 2 ಗ್ರಾಮಿಗೆ ಇಳಿದಾಗ ಅಂತರ ಕಾಣಿಸುತ್ತದೆ.

ಹಳೆಯ ಸಾಮಾನ್ಯ ರೀಲಿಗೆ ಹಗುರ ಸ್ಪೂಲನ್ನು ಬೇರೆಯಾಗಿ ತರಿಸಿ ಹಾಕುವವರೂ ಇದ್ದಾರೆ. ಒಳ್ಳೆಯ ಕಂಪೆನಿಯ ಗಟ್ಟಿ ರೀಲು ಮನೆಯಲ್ಲಿದ್ದರೆ ಇದು ಯೋಗ್ಯ ದಾರಿ. ಆದರೆ ಬರಿಯ ಸ್ಪೂಲಿನ ಬೆಲೆಯೇ ಕೆಲವೊಮ್ಮೆ ಒಂದು ಅಗ್ಗದ ಫಿನೆಸ್ ರೀಲಿನಷ್ಟಾಗುತ್ತದೆ.

ರಾಡಿಗೂ ಹಣ ತೆಗೆದಿಡಬೇಕು. ರಾಡಿನ ಬುಡದ ಬಳಿ ಅದು ಎಷ್ಟು ಗ್ರಾಮಿನ ಲೂರ್‌ಗೆ ತಕ್ಕದ್ದೆಂದು ಬರೆದಿರುತ್ತದೆ. 10–30 ಗ್ರಾಂ ಎಂದಿರುವ ಗಟ್ಟಿ ರಾಡು 3 ಗ್ರಾಮಿನ ಲೂರ್‌ಗೆ ಬಾಗುವುದೇ ಇಲ್ಲ. ಬಾಗದ ರಾಡು ಲೂರ್ ಅನ್ನು ಚಿಮ್ಮಿಸಲಾರದು. ಆಗ ಎಂತಹ ರೀಲಿದ್ದರೂ ವ್ಯರ್ಥ. 1–7 ಅಥವಾ 2–8 ಗ್ರಾಂ ಎಂದು ಬರೆದ ಬೇಟ್‌ಕಾಸ್ಟಿಂಗ್ ರಾಡನ್ನೇ ಹುಡುಕಿ. ರೀಲು, ರಾಡು ಎರಡಕ್ಕೂ ಸೇರಿ ಹಣ ಸಾಲದಿದ್ದರೆ, ನೇರವಾಗಿ ಹೇಳುತ್ತೇವೆ, 1000 ಅಥವಾ 2000 ಅಳತೆಯ ಒಂದು ಒಳ್ಳೆಯ ಸ್ಪಿನ್ನಿಂಗ್ ರೀಲು ಕೊಳ್ಳಿ. ಅದೇ ಹಣಕ್ಕೆ ಅದು ಹಗುರ ಲೂರ್ ಅನ್ನು ಹೆಚ್ಚು ದೂರ ಎಸೆಯುತ್ತದೆ, ಕಲಿಯಲು ಸುಲಭ, ಎದುರುಗಾಳಿಯಲ್ಲೂ ದಾರ ಸಿಕ್ಕಾಗುವುದು ಕಡಿಮೆ. ತೆರೆದ ಕಡಲ ದಂಡೆಯಲ್ಲಿ ನಿಂತು ಕಾಣೆ ಮೀನಿಗೆ ಪುಟ್ಟ ಲೂರ್ ಎಸೆಯುವವರಿಗೆ ಫಿನೆಸ್ ರೀಲಿನಿಂದ ಹೆಚ್ಚಿನ ಲಾಭವೇನೂ ಇಲ್ಲ.

ಹಾಗಾದರೆ ಅದರ ಪ್ರಯೋಜನವೆಲ್ಲಿ? ಗುರಿಯಲ್ಲಿ. ಹೆಬ್ಬೆರಳು ಸದಾ ಸ್ಪೂಲಿನ ಮೇಲಿರುವುದರಿಂದ ಹಾರುತ್ತಿರುವ ಲೂರ್ ಅನ್ನು ಬೇಕಾದ ಗೇಣು ಜಾಗದಲ್ಲಿ ಸದ್ದಿಲ್ಲದೆ ಇಳಿಸಬಹುದು. ಕುಂದಾಪುರ–ಗಂಗೊಳ್ಳಿಯ ಪಂಚಗಂಗಾವಳಿಯಲ್ಲಿ, ಸೀತಾ–ಸ್ವರ್ಣಾ ನದಿಗಳು ಕಡಲು ಸೇರುವ ಕೋಡಿಬೆಂಗ್ರೆಯ ಸುತ್ತಮುತ್ತ ಕಾಂಡ್ಲಾ ಗಿಡಗಳ ಬೇರಿನ ನಡುವಿನ ನೆರಳು ನೀರೇ ಕೆಂಬೇರಿಯ ಮನೆ. ಒಂದು ಅಡಿ ಆಚೆ ಬಿದ್ದರೆ ಲೂರ್ ಬೇರಿಗೆ ಸಿಕ್ಕಿಕೊಳ್ಳುತ್ತದೆ, ಎರಡು ಅಡಿ ಈಚೆ ಬಿದ್ದರೆ ಮೀನು ಹೊರಗೆ ಬರುವುದಿಲ್ಲ. ದೋಣಿಯಲ್ಲಿ ಕುಳಿತು ಇಂತಹ ಜಾಗಕ್ಕೆ ಎಸೆಯುವವರಿಗೆ ಬೇಟ್‌ಕಾಸ್ಟಿಂಗ್ ರೀಲಿನ ಬೆಲೆ ತಿಳಿಯುತ್ತದೆ. ಒಂದು ಎಚ್ಚರಿಕೆಯೂ ಇದೆ: ಎರಡು ಕಿಲೋ ದಾಟಿದ ಕೆಂಬೇರಿ ಕಚ್ಚಿದೊಡನೆ ಬೇರಿನೊಳಗೆ ತಿರುಗುತ್ತದೆ, ತೆಳು ದಾರದಲ್ಲಿ ಅದನ್ನು ತಡೆಯುವುದು ಕಷ್ಟ. ದೊಡ್ಡ ಮೀನಿನ ಜಾಗವೆಂದು ಗೊತ್ತಿದ್ದರೆ 7–10 ಗ್ರಾಮಿನ ಲೂರ್, ಸಾಮಾನ್ಯ ಬೇಟ್‌ಕಾಸ್ಟಿಂಗ್ ರೀಲು, ದಪ್ಪ ದಾರ ಇವೇ ಸರಿ. ಬಾಯಲ್ಲಿ ಲೂರ್ ಸಿಕ್ಕಿಸಿಕೊಂಡು ದಾರ ಹರಿದು ಹೋದ ಮೀನು ಯಾರಿಗೂ ಉಪಯೋಗವಿಲ್ಲ.

ಕಲಿಕೆ ಮತ್ತು ಆರೈಕೆ

ಮೊದಲ ಎಸೆತ ನೀರಿನಲ್ಲಿ ಬೇಡ, ಮೈದಾನದಲ್ಲಿ ಆಗಲಿ. ಗಾಳ ತೆಗೆದ 5 ಗ್ರಾಮಿನ ಲೂರ್ ಕಟ್ಟಿ. ಸ್ಪೂಲಿನ ಪಕ್ಕದ ಗುಬ್ಬಿಯನ್ನು ಸ್ಪೂಲ್ ಅಡ್ಡಡ್ಡ ಅಲ್ಲಾಡದಷ್ಟು ಮಾತ್ರ ಬಿಗಿ ಮಾಡಿ. ಅದನ್ನೇ ಬ್ರೇಕಿನಂತೆ ಬಿಗಿದರೆ ಬೇರಿಂಗಿಗೆ ಕೇಡು. ಆಯಸ್ಕಾಂತವನ್ನು ಪೂರ್ತಿ ಏರಿಸಿ, ಸೊಂಟದ ಎತ್ತರದಲ್ಲಿ ಪಕ್ಕದಿಂದ ಮೆತ್ತಗೆ ಬೀಸಿ, ಲೂರ್ ನೆಲ ಮುಟ್ಟುವ ಮುನ್ನ ಹೆಬ್ಬೆರಳು ಒತ್ತಿ. ದಾರ ಉಬ್ಬದೆ ಹತ್ತು ಸಲ ಹೋದರೆ ಬ್ರೇಕನ್ನು ಒಂದು ಅಂಕೆ ಇಳಿಸಬಹುದು. ಹೀಗೆ ನಾಲ್ಕೈದು ಸಂಜೆ ಮಾಡಿದ ಮೇಲೆ 3 ಗ್ರಾಮಿಗೆ ಬನ್ನಿ.

ಉಪ್ಪುನೀರು ಅಗ್ಗದ ರೀಲಿನ ದೊಡ್ಡ ವೈರಿ. ಫಿನೆಸ್ ರೀಲುಗಳಲ್ಲಿ ಅನೇಕವು ಸಿಹಿನೀರಿನ ಮೀನುಗಳಿಗಾಗಿಯೇ ತಯಾರಾದವು. ಮೆಗ್ನೀಸಿಯಂ ಚೌಕಟ್ಟಿನ ರೀಲು ಎಷ್ಟು ಹಗುರವಿದ್ದರೂ ಕರಾವಳಿಗೆ ಬೇಡ. ಬಣ್ಣ ಕಿತ್ತ ಕಡೆಯಿಂದ ಅದು ತಿಂದುಹೋಗುತ್ತದೆ. ಅಲ್ಯೂಮಿನಿಯಂ ಅಥವಾ ಕಾರ್ಬನ್ ಬೆರೆತ ಪ್ಲಾಸ್ಟಿಕ್ ಮೈಯಿರಲಿ. ಮನೆಗೆ ಬಂದ ದಿನವೇ ಡ್ರ್ಯಾಗ್ ಬಿಗಿ ಮಾಡಿ ನಲ್ಲಿಯ ಸಣ್ಣ ಧಾರೆಯಲ್ಲಿ ತೊಳೆಯಿರಿ. ಜೋರು ಧಾರೆ ಹಿಡಿದರೆ ಉಪ್ಪು ಒಳಗೆ ಹೋಗುತ್ತದೆ. ಬಟ್ಟೆಯಲ್ಲಿ ಒರೆಸಿ, ಮುಚ್ಚಳ ತೆಗೆದು ಸ್ಪೂಲನ್ನು ಬೇರೆ ಇಟ್ಟು, ಡ್ರ್ಯಾಗ್ ಸಡಿಲಿಸಿ ನೆರಳಿನಲ್ಲಿ ಒಣಗಿಸಿ. ಸ್ಪೂಲಿನ ಎರಡೂ ಬೇರಿಂಗಿಗೆ ತೆಳು ಎಣ್ಣೆಯ ಒಂದೊಂದು ಹನಿ ಸಾಕು. ರೀಲಿನ ಎಣ್ಣೆ ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆ ನಡೆಯುತ್ತದೆ. ತೆಂಗಿನೆಣ್ಣೆ ಮಾತ್ರ ಬೇಡ, ಕ್ರಮೇಣ ಅಂಟಾಗಿ ಬೇರಿಂಗನ್ನೇ ಹಿಡಿದುಬಿಡುತ್ತದೆ. ಗ್ರೀಸ್ ಹಲ್ಲುಚಕ್ರಗಳಿಗೆ ಮಾತ್ರ.

ಸಿಕ್ಕಾದ ದಾರವನ್ನು ಕತ್ತರಿಸಬೇಕಾಗಿ ಬಂದರೆ ತುಂಡುಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ. ಪಿಇ ದಾರ ಮಣ್ಣಿನಲ್ಲಾಗಲಿ ನೀರಿನಲ್ಲಾಗಲಿ ಕೊಳೆಯುವುದಿಲ್ಲ, ದಂಡೆಯ ಹಕ್ಕಿಗಳ ಕಾಲಿಗೂ ದೋಣಿಗಳ ಪ್ರೊಪೆಲ್ಲರಿಗೂ ಸುತ್ತಿಕೊಳ್ಳುತ್ತದೆ.